ಕೀ ಕೊಡುವ ವಾಚಿನ ಕಥೆ

ನಿಮ್ಮ ಅಜ್ಜನ ಮೇಜಿನ ಖಾನೆಯನ್ನೋ ಅಜ್ಜಿಯ ಟ್ರಂಕನ್ನೋ ಒಮ್ಮೆ ಹುಡುಕಿ ನೋಡಿ. ಹಳೆಯ ಕಾಗದಪತ್ರಗಳ ನಡುವೆ ನಿಂತುಹೋದ ಕೈಗಡಿಯಾರವೊಂದು ಸಿಕ್ಕರೂ ಸಿಗಬಹುದು. ಅದರ ಮೇಲೆ ಎಚ್.ಎಂ.ಟಿ. ಎಂದಿದ್ದರೆ, ಅದು ಬೆಂಗಳೂರಿನಲ್ಲೇ ತಯಾರಾಗಿದ್ದಿರಬಹುದು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೈಗಡಿಯಾರ ಹೆಚ್ಚಾಗಿ ಪರದೇಶದ ವಸ್ತು. ಯಂತ್ರೋಪಕರಣಗಳನ್ನು ತಯಾರಿಸಲೆಂದು 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಆರಂಭಿಸಿತು. ಭಾರೀ ಲೇತ್ ಯಂತ್ರ ಮಾಡುತ್ತಿದ್ದವರು ಚಿಮುಟದಲ್ಲಿ ಹಿಡಿಯಬೇಕಾದ ಚಕ್ರಗಳಿಗೆ ಕೈಹಾಕಿದರು! ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ.

ಮುಂದೆ ಬಂದ ಜನತಾ, ಪೈಲಟ್, ಸೋನಾ, ಕೋಹಿನೂರ್ ಮನೆಮಾತಾದವು. ಎಸ್.ಎಸ್.ಎಲ್.ಸಿ. ಪಾಸಾದರೆ ವಾಚು, ಮದುವೆಯಲ್ಲಿ ಅಳಿಯನಿಗೆ ವಾಚು, ನಿವೃತ್ತಿಯ ದಿನವೂ ವಾಚು. ಕೈಗೆ ಅದನ್ನು ಕಟ್ಟಿಕೊಂಡ ಹುಡುಗನನ್ನು ಊರಿನವರೆಲ್ಲ ಬೇಕೆಂದೇ ಗಂಟೆ ಕೇಳುತ್ತಿದ್ದರು.

ಈ ವಾಚಿಗೆ ಸೆಲ್ ಇಲ್ಲ. ಹಾಗಾದರೆ ಓಡುವುದು ಹೇಗೆ? ನೀವು ಕೀ ಕೊಟ್ಟಾಗ ಒಳಗಿನ ಸ್ಪ್ರಿಂಗ್ ಸುರುಳಿ ಬಿಗಿಯಾಗುತ್ತದೆ. ಬಿಟ್ಟರೆ ಅದು ಒಂದೇ ಏಟಿಗೆ ಬಿಚ್ಚಿಕೊಂಡೀತು. ಹಾಗಾಗದಂತೆ ಅತ್ತಿತ್ತ ತೂಗುವ ಪುಟ್ಟ ಚಕ್ರವೊಂದು ಶಕ್ತಿಯನ್ನು ಅಳೆದು ಅಳೆದು ಬಿಡುತ್ತದೆ. ಜನತಾ ವಾಚಿನಲ್ಲಿ ಸೆಕೆಂಡಿಗೆ 5 ಬಾರಿ, ಗಂಟೆಗೆ 18,000 ಬಾರಿ. ಕಿವಿಗೆ ಹಿಡಿದರೆ ಕೇಳುವ ಟಿಕ್ ಟಿಕ್ ಅದೇ. ಡಯಲಿನ ಮೇಲೆ '17 ಜ್ಯುವೆಲ್ಸ್' ಎಂದು ಓದಿ, ಒಳಗೆ ವಜ್ರವಿದೆಯೆಂದು ನಂಬಿದ ಮಕ್ಕಳಿದ್ದರು. ಅವು ಕೃತಕ ಮಾಣಿಕ್ಯದ ಹರಳುಗಳು. ಅಚ್ಚುಗಳು ಸವೆಯದಂತೆ ಆಸರೆಯಾಗಿರುತ್ತವೆ, ಅಷ್ಟೇ.

1969ರಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಇಂಥ ವಾಚಿನಲ್ಲಿ ಸಾಮಾನ್ಯವಾಗಿ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ನಿಖರತೆಯಲ್ಲಿ ಸ್ಪ್ರಿಂಗ್ ಅದಕ್ಕೆ ಸಾಟಿಯಲ್ಲ. ಎಚ್.ಎಂ.ಟಿ.ಗೆ ಇದು ತಿಳಿದಿರಲಿಲ್ಲವೆನ್ನುವುದು ತಪ್ಪು. 1980ರ ದಶಕದ ಆರಂಭದಲ್ಲೇ ಅದೂ ಕ್ವಾರ್ಟ್ಜ್ ವಾಚು ತಯಾರಿಸಿತು. ಆದರೆ ಕೀ ಕೊಡುವ ವಾಚಿನ ಮೇಲಿನ ಭರವಸೆಯನ್ನು ಬಿಡಲಿಲ್ಲ. 1987ರಲ್ಲಿ ಟೈಟನ್ ಹೊಸ ವಿನ್ಯಾಸಗಳೊಡನೆ, ಕಣ್ಸೆಳೆಯುವ ಅಂಗಡಿಗಳೊಡನೆ ಬಂದಾಗ ಗಿರಾಕಿಗಳು ಅತ್ತ ಸರಿದರು. ತಂತ್ರಜ್ಞಾನಕ್ಕಿಂತ ಗಿರಾಕಿಯ ಮನಸ್ಸನ್ನು ಅರಿಯದೆ ಸೋತದ್ದೇ ಹೆಚ್ಚೆಂದು ನನ್ನ ಅಭಿಪ್ರಾಯ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅದಕ್ಕೂ ಮೊದಲೇ, 2014ರಲ್ಲಿ ಮುಚ್ಚುವ ಸುದ್ದಿ ಹಬ್ಬುತ್ತಲೇ ಉಳಿದ ವಾಚುಗಳಿಗೆ ಜನ ಮುಗಿಬಿದ್ದರು. ವರ್ಷಗಟ್ಟಲೆ ಮರೆತವರೇ ಹುಡುಕಿಕೊಂಡು ಬಂದದ್ದು ವಿಚಿತ್ರವಲ್ಲವೇ?

ಕೇವಲ ನೆನಪಿನ ಮೋಹವೆನ್ನೋಣವೇ? ಅಷ್ಟೇ ಅಲ್ಲ. ಈ ವಾಚನ್ನು ಬಿಚ್ಚಬಹುದು, ತೊಳೆಯಬಹುದು, ಸವೆದ ಭಾಗಕ್ಕೆ ಇನ್ನೊಂದು ಹಳೆಯ ವಾಚಿನ ಭಾಗ ಹಾಕಬಹುದು. ಪೇಟೆಯಲ್ಲಿ ಸಿಗುವ ಹಳೆಯ ವಾಚುಗಳಲ್ಲಿ ಡಯಲಿಗೆ ಹೊಸ ಬಣ್ಣ ಬಳಿದವೂ ಉಂಟು, ಕೊಳ್ಳುವಾಗ ಎಚ್ಚರ.

ಅಜ್ಜನ ವಾಚು ಸಿಕ್ಕಿತೆಂದು ತಕ್ಷಣ ಕೀ ತಿರುಗಿಸಬೇಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂರುವ ರಿಪೇರಿಯವರು ನಿಮ್ಮೂರಿನಲ್ಲಿದ್ದರೆ, ಮೊದಲು ಅವರ ಹತ್ತಿರ ಒಯ್ಯಿರಿ. ಅವರು ಮುಚ್ಚಳ ತೆಗೆಯುವಾಗ ಪಕ್ಕದಲ್ಲೇ ನಿಂತು ನೋಡಿ.