ವಾಡಿಕೆಗೆ ಪ್ರೂಫ್ ಎಲ್ಲಿದೆ?

ಈ ಸಲದ ಜಯಂತಿ ಕಾರ್ಯಕ್ರಮದಲ್ಲಿ ಮಾತಾಡಿ ವೇದಿಕೆ ಇಳಿದಾಗ ಒಬ್ಬರು ಕನ್ನಡ ಮೇಷ್ಟ್ರು ಹತ್ತಿರ ಬಂದ್ರು. ಒಳ್ಳೆಯ ಮನುಷ್ಯ, ನಮ್ಮ ಹುಡುಗರಿಗೆ ಪಾಠ ಹೇಳಿದವರು. "ಭಾಷಣ ಚೆನ್ನಾಗಿತ್ತು ಕಣಪ್ಪ, ಆದ್ರೆ ಮಾತಿಗೊಂದು ಸಲ ಕಸ್ಟಮ್, ಯೂಸೇಜ್, ಪ್ರ್ಯಾಕ್ಟೀಸ್ ಅಂತ ಇಂಗ್ಲಿಷ್ ಯಾಕೆ ತುರುಕ್ತೀಯ? ದಿನಾ ನಡೆಯೋ ಸಂಗತಿಗೆ ಕನ್ನಡದಲ್ಲಿ ಪದಗಳಿಗೆ ಬರವಾ? ರೂಢಿ ಇದೆ, ವಾಡಿಕೆ ಇದೆ, ಪದ್ಧತಿ ಇದೆ" ಅಂದ್ರು. ಅವತ್ತು ನಕ್ಕು ಸುಮ್ಮನಾದೆ. ಉತ್ತರ ಉದ್ದ ಇತ್ತು, ಊಟದ ಹೊತ್ತು ಮೀರಿತ್ತು. ಈಗ ಬರೀತಿದ್ದೀನಿ. ಮೇಷ್ಟ್ರೇ, ಬೇಜಾರಾಗಬೇಡಿ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಹಳ್ಳಿಗೆ ಶಾಂತಿಸಭೆಗೆ ಅಂತ ಹೋಗಿದ್ದೆ. ಟೀ ಅಂಗಡಿಯಲ್ಲಿ ಕೇರಿಯವರಿಗೆ ಬೇರೆ ಲೋಟ, ಅದೂ ಹೊರಗಡೆ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟದ್ದು. ಕುಡಿದು ತೊಳೆದು ಅಲ್ಲೇ ಇಡಬೇಕು. ಪಿಯುಸಿ ಓದೋ ಹುಡುಗನೊಬ್ಬ ಒಳಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟ, ಗಲಾಟೆ ಆಯ್ತು. ಸಭೆಯಲ್ಲಿ ಊರ ಹಿರಿಯರೊಬ್ಬರು ಎದ್ದು, ಬಹಳ ಮೆತ್ತಗೆ, "ಯಾರೂ ಬೇಕೂಂತ ಮಾಡ್ತಿಲ್ಲ ಸಾರ್. ಹಿಂದಿನಿಂದ ನಡ್ಕೊಂಡು ಬಂದದ್ದು. ವಾಡಿಕೆ" ಅಂದ್ರು. ಅಷ್ಟೇ. ಆ ಒಂದು ಪದ ಬಿದ್ದದ್ದೇ ತಡ, ಬಿಸಿಯಾಗಿದ್ದ ಸಭೆ ತಣ್ಣಗಾಯ್ತು. ಬಂದಿದ್ದ ಅಧಿಕಾರಿಗಳೂ ತಲೆಯಾಡಿಸಿದ್ರು.

'ನಡೆದುಕೊಂಡು ಬಂದದ್ದು' ಅನ್ನೋ ಮಾತನ್ನ ಒಂದು ಗಳಿಗೆ ನೋಡಿ. ಯಾರೂ ಅದನ್ನ ತಂದಿಲ್ಲ, ಯಾರೂ ಮಾಡಿಲ್ಲ. ಅದಕ್ಕೇ ಎರಡು ಕಾಲಿದೆ, ಅದೇ ನಡ್ಕೊಂಡು ಬಂದಿದೆ! ಇನ್ನು ಪೇಪರಿನ ಭಾಷೆ. 'ಅನಿಷ್ಟ ಪದ್ಧತಿ ಇನ್ನೂ ಜೀವಂತ' ಅಂತ ಹೆಡ್ಡಿಂಗ್ ಬರುತ್ತೆ. ಪದ್ಧತಿ ಜೀವಂತ, ಸರಿ. ಅದಕ್ಕೆ ಅನ್ನ ಹಾಕಿ ಸಾಕ್ತಿರೋರು ಯಾರು ಅನ್ನೋದು ಸುದ್ದಿಯೊಳಗೂ ಇರೋದಿಲ್ಲ. ಇನ್ನೊಂದು ಪದ 'ಆಚರಣೆ'. ಹಬ್ಬದ ಆಚರಣೆ, ಹುಟ್ಟುಹಬ್ಬದ ಆಚರಣೆ, ಅಸ್ಪೃಶ್ಯತೆ ಆಚರಣೆ. ಮೂರಕ್ಕೂ ಒಂದೇ ಪದ. ಮಾಮೂಲು ಅನ್ನೋದಂತೂ ಅರಬ್ಬಿಯಿಂದ ಹೊರಟು ಉರ್ದು ದಾಟಿ ಬಂದ ಪದ. ಯಾವಾಗಲೂ ನಡೆಯೋದು ಅಂತ ಅರ್ಥ. ನಮ್ಮಲ್ಲಿ ಲಂಚಕ್ಕೂ ಅದೇ ಹೆಸರು. ದಿನಾ ನಡೆಯೋದಕ್ಕೆ ಮಾಮೂಲು ಅಂತ ಹೆಸರಿಟ್ಟ ಮೇಲೆ ಕೇಳೋರು ಯಾರು?

ಹಾಗಂತ ಇಂಗ್ಲಿಷಿನ ಕಸ್ಟಮ್ ಆಕಾಶದಿಂದ ಇಳಿದ ದೇವತೆ ಅಂತ ನಾನು ಹೇಳ್ತಿಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ಬಂತಲ್ಲ, ಅದರಲ್ಲಿ ಭಾರತದ ಪುರಾತನ ಹಕ್ಕುಗಳಿಗೆ, ಬಳಕೆಗಳಿಗೆ, ಕಸ್ಟಮ್‌ಗಳಿಗೆ ಸಲ್ಲಬೇಕಾದ ಗೌರವ ಸಲ್ಲಿಸ್ತೀವಿ ಅಂತ ಮಾತು ಕೊಟ್ಟಿದ್ರು. ಮಾತು ಕೊಟ್ಟದ್ದು ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1897ರಲ್ಲಿ ತಮಿಳುನಾಡಿನ ಕಮುದಿಯಲ್ಲಿ ನಾಡಾರ್ ಜನ ದೇವಸ್ಥಾನದ ಒಳಗೆ ಹೋದ್ರು. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯ್ತು. 1908ರಲ್ಲಿ ತೀರ್ಪು ನಾಡಾರರ ವಿರುದ್ಧವೇ ಬಂತು, ಅದೂ ಕಸ್ಟಮ್ ಹೆಸರಲ್ಲೇ. ಅಂದ್ರೆ ಆ ಪದ ಬಹಳ ಕಾಲ ಅವರ ಕೈಯಲ್ಲೇ ಇತ್ತು.

ಆದ್ರೆ ಕೋರ್ಟಿನಲ್ಲಿ ಆ ಪದಕ್ಕೊಂದು ಷರತ್ತಿತ್ತು. ಕಸ್ಟಮ್ ಅಂದ್ರೆ ಸಾಲದು, ಸಾಬೀತು ಮಾಡಬೇಕು. ಅನಾದಿ ಕಾಲದ್ದು ಅಂತ ತೋರಿಸಬೇಕು, ಮಧ್ಯೆ ಕಡಿದಿಲ್ಲ ಅಂತ ತೋರಿಸಬೇಕು, ನ್ಯಾಯಸಮ್ಮತ ಅಂತಲೂ ಇರಬೇಕು. ನಮ್ಮ ಹಳ್ಳಿಯ ವಾಡಿಕೆಗೆ ಇಂಥ ಯಾವ ಪರೀಕ್ಷೆಯೂ ಇಲ್ಲ. ಹಿರಿಯರು ಹೇಳಿದ್ರೆ ಮುಗೀತು. ಈ ವ್ಯತ್ಯಾಸ ಚೆನ್ನಾಗಿ ಗೊತ್ತಿದ್ದ ಒಬ್ಬ ಬ್ಯಾರಿಸ್ಟರ್ ನಮ್ಮಲ್ಲಿ ಹುಟ್ಟಿದ್ರು.

ಮಹಾಡ್ ಅಂದ ಕೂಡಲೇ ನಾವೆಲ್ಲ ನೆನೆಯೋದು 1927ರ ಮಾರ್ಚ್ 20. ಬಾಬಾಸಾಹೇಬರು ಚವದಾರ್ ಕೆರೆಯ ನೀರನ್ನ ಬೊಗಸೆಯಲ್ಲಿ ಎತ್ತಿ ಕುಡಿದ ದಿನ. ಆಮೇಲೆ ಡಿಸೆಂಬರ್ 25, ಮನುಸ್ಮೃತಿ ಸುಟ್ಟ ದಿನ. ಇವೆರಡನ್ನೂ ಭಾಷಣದಲ್ಲಿ ಹೇಳ್ತೀವಿ, ಚಪ್ಪಾಳೆ ಬೀಳುತ್ತೆ. ಎರಡರ ಮಧ್ಯೆ ಏನಾಯ್ತು ಅಂತ ಹೇಳೋದು ಕಡಿಮೆ. ಡಿಸೆಂಬರ್ 12ರಂದು ಮಹಾಡಿನ ಸವರ್ಣೀಯರು ಬಾಬಾಸಾಹೇಬರ ಮೇಲೆ, ಅವರ ಸಂಗಡಿಗರ ಮೇಲೆ ಸಿವಿಲ್ ದಾವೆ ಹಾಕಿದ್ರು. ಎರಡೇ ದಿನದಲ್ಲಿ ತಾತ್ಕಾಲಿಕ ತಡೆಯಾಜ್ಞೆ ತಂದ್ರು. ಎರಡನೇ ಸಲ ಸಾವಿರಾರು ಜನ ಸೇರಿದ್ರೂ ಕೆರೆಗೆ ಇಳಿಯದೆ ವಾಪಸ್ ಬಂದದ್ದು ಅದಕ್ಕೇ. ಕೋರ್ಟಿನಲ್ಲಿ ಗೆಲ್ತೀವಿ ಅನ್ನೋ ಲೆಕ್ಕ ಅವರಿಗಿತ್ತು ಅಂತ ನನ್ನ ಓದು.

ದಾವೆ ಹತ್ತು ವರ್ಷ ನಡೀತು. ಕೆರೆ ಖಾಸಗಿ ಸ್ವತ್ತು ಅಂತ ಅವರ ಒಂದು ವಾದ. ಅದು ನಿಲ್ಲಲಿಲ್ಲ, ಕೆರೆ ಮುನ್ಸಿಪಾಲಿಟಿಗೆ ಸೇರಿದ್ದು. ಸಾರ್ವಜನಿಕ ಕೆರೆ-ಬಾವಿಗಳನ್ನ ಎಲ್ಲರಿಗೂ ಬಿಡಬೇಕು ಅನ್ನೋ ಬೋಳೆಯವರ ನಿರ್ಣಯ ಬಾಂಬೆ ಶಾಸನಸಭೆಯಲ್ಲಿ 1923ರಲ್ಲೇ ಪಾಸಾಗಿತ್ತು, ಮಹಾಡ್ ಮುನ್ಸಿಪಾಲಿಟಿ ಕೂಡ ಮರುವರ್ಷ ಒಪ್ಪಿತ್ತು (ಗಲಾಟೆ ಆದ ಮೇಲೆ ಹಿಂದಕ್ಕೆ ತಗೊಂಡ್ರು, ಆ ಮಾತು ಬೇರೆ). ಉಳಿದದ್ದು ಒಂದೇ ವಾದ: ಅಸ್ಪೃಶ್ಯರು ಈ ಕೆರೆಯ ನೀರು ಮುಟ್ಟಬಾರದು ಅನ್ನೋದು ಅನಾದಿ ಕಾಲದ ಕಸ್ಟಮ್. ಸರಿ, ಸಾಬೀತು ಮಾಡಿ ಅಂತ ಕೋರ್ಟ್ ಹೇಳ್ತು. ಮಾಡಕ್ಕಾಗಲಿಲ್ಲ! 1931ರಲ್ಲಿ ಕೆಳಗಿನ ಕೋರ್ಟಿನಲ್ಲಿ ಸೋತ್ರು. 1933ರಲ್ಲಿ ಅಪೀಲಿನಲ್ಲಿ ಸೋತ್ರು. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟ್, ಇವರು ಹೇಳೋ ಅನಾದಿ ಕಸ್ಟಮ್ ಸಾಬೀತಾಗಿಲ್ಲ ಅಂತ ಕಡೆಯ ಮೊಳೆ ಹೊಡೀತು.

ಇಲ್ಲೊಂದು ಕಹಿ ಸತ್ಯ ಇದೆ. ಹೈಕೋರ್ಟ್ ಅಸ್ಪೃಶ್ಯತೆ ತಪ್ಪು ಅಂತ ಹೇಳಲಿಲ್ಲ. ಕಸ್ಟಮ್ ಸಾಬೀತಾಗಿದ್ದಿದ್ರೆ ಅದು ನ್ಯಾಯವೋ ಅಲ್ಲವೋ ಅಂತ ಆಗ ನೋಡಬೇಕಾಗ್ತಿತ್ತು, ಈಗ ಆ ಪ್ರಶ್ನೆಯೇ ಬೇಕಿಲ್ಲ ಅನ್ನೋ ಧಾಟಿ. ನಾವು ಗೆದ್ದದ್ದು ನ್ಯಾಯದ ಮೇಲಲ್ಲ, ಅವರ ಹತ್ರ ಪ್ರೂಫ್ ಇರಲಿಲ್ಲ ಅನ್ನೋದರ ಮೇಲೆ. ಸಾವಿರಾರು ವರ್ಷದ್ದು ಅಂತ ಎದೆ ತಟ್ಟಿ ಹೇಳ್ತಿದ್ದ ವಾಡಿಕೆಗೆ ಕಟಕಟೆಯಲ್ಲಿ ನಿಂತಾಗ ವಯಸ್ಸಿನ ದಾಖಲೆಯೇ ಇರಲಿಲ್ಲ. ನನಗೆ ಬೊಗಸೆ ನೀರಿನಷ್ಟೇ ದೊಡ್ಡದು ಇದು.

ಮುಂದೆ ಕರಡು ಸಮಿತಿಯ ಅಧ್ಯಕ್ಷರಾದವರು ಅದೇ ಮನುಷ್ಯ. ಸಂವಿಧಾನದ 13ನೇ ವಿಧಿ ತೆಗೆದು ನೋಡಿ. ಕಾನೂನು ಅಂದ್ರೆ ಏನೇನು ಅಂತ ಹೇಳುವಾಗ ಕಸ್ಟಮ್, ಯೂಸೇಜ್ ಎರಡನ್ನೂ ಹೆಸರು ಹಿಡಿದು ಸೇರಿಸಿದ್ದಾರೆ. ಅಂದ್ರೆ ಕಾನೂನಿನ ಬಲ ಇರೋ ವಾಡಿಕೆಯೂ ಮೂಲಭೂತ ಹಕ್ಕಿನ ಮುಂದೆ ಬಿದ್ದುಹೋಗುತ್ತೆ. 17ನೇ ವಿಧಿಯಲ್ಲಿ ಪ್ರ್ಯಾಕ್ಟೀಸ್. ಯಾವ ರೂಪದಲ್ಲಿದ್ರೂ ಅದು ನಿಷೇಧ. 23ನೇ ವಿಧಿಯಲ್ಲಂತೂ ಇಂಗ್ಲಿಷಿನ ಮಧ್ಯೆ 'ಬೇಗಾರ್' ಅಂತಲೇ ಬರೆದಿದ್ದಾರೆ, ನಮ್ಮ ಬಿಟ್ಟಿಚಾಕರಿ. ಅದಕ್ಕೆ ಸರಿಯಾದ ಇಂಗ್ಲಿಷ್ ಪದ ಸಿಗಲಿಲ್ಲವೋ ಏನೋ, ಆ ಸಂಕಟ ಅವರದ್ದಲ್ಲವಲ್ಲ. 1976ರ ಜೀತ ನಿರ್ಮೂಲನೆ ಕಾಯ್ದೆ ಓದಿದ್ರೆ, ಸಾಲಕ್ಕೆ ದುಡಿಯೋದು ಮಾತ್ರ ಜೀತ ಅಲ್ಲ, ಕಸ್ಟಮ್ ಹೆಸರಲ್ಲಿ ದುಡಿಸಿಕೊಳ್ಳೋದೂ ಜೀತವೇ. ತಮಟೆ ಹೊಡಿ, ಸತ್ತ ದನ ಎಳಿ, ಸಾವಿನ ಸುದ್ದಿ ಮುಟ್ಟಿಸು ಅಂತ ಬಿಟ್ಟಿ ಮಾಡಿಸಿಕೊಂಡು ವಾಡಿಕೆ ಅಂತಿದ್ರಲ್ಲ, ಅವನ್ನೆಲ್ಲ ಇಟ್ಟುಕೊಂಡು ಆ ಸಾಲನ್ನ ಓದಿ.

ನಮ್ಮ ರಾಜ್ಯದ್ದೇ ಕೆಲವು ಹೇಳ್ತೀನಿ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸು 1957ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯ್ತು. ಇದು ನಮ್ಮ ಪಂಗಡದ ದೇವಸ್ಥಾನ ಅಂತ ಗೌಡ ಸಾರಸ್ವತರು ವಾದಿಸಿದ್ರೂ ಬಾಗಿಲು ಎಲ್ಲ ಹಿಂದೂಗಳಿಗೂ ತೆರೀಬೇಕು ಅಂತ ಕೋರ್ಟ್ ಹೇಳ್ತು, ಕೆಲವು ಸೇವೆಗಳನ್ನ ಮಾತ್ರ ಅವರಿಗೇ ಬಿಡ್ತು. 1958ರಲ್ಲಿ ಮೈಸೂರು ಹೈಕೋರ್ಟ್ ಇನ್ನೊಂದು ಕೇಸಿನಲ್ಲಿ, 17ನೇ ವಿಧಿಯ ಅಸ್ಪೃಶ್ಯತೆ ಅನ್ನೋ ಪದಕ್ಕೆ ನಿಘಂಟಿನ ಅರ್ಥ ಹುಡುಕಬೇಡಿ, ಈ ದೇಶದ ಚರಿತ್ರೆಯಲ್ಲಿ ಬೆಳೆದು ಬಂದ ಪ್ರ್ಯಾಕ್ಟೀಸ್ ಅದು ಅಂತ ವಿವರಿಸಿತು. ಬೋರ್‌ವೆಲ್ ನೀರು ಮುಟ್ಟಬಾರದು ಅಂತ ಬಂದೂಕು ತೋರಿಸಿ ದಲಿತರನ್ನ ತಡೆದ ಅಪ್ಪಾ ಬಾಳು ಇಂಗಳೆ ಕೇಸಿನಲ್ಲಿ ಹೈಕೋರ್ಟ್ ಆರೋಪಿಗಳನ್ನ ಬಿಟ್ಟಿತ್ತು. 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡೀತು. ಬೋರ್‌ವೆಲ್ ಅಂದ್ರೆ ನಿನ್ನೆ ಮೊನ್ನೆ ಬಂದ ಯಂತ್ರ, ಅದಕ್ಕೆಲ್ಲಿಂದ ಬಂತು ಪುರಾತನ ವಾಡಿಕೆ? ಇನ್ನು 1955ರ ಕಾಯ್ದೆಯ 12ನೇ ಸೆಕ್ಷನ್ನನ್ನ ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. ಆ ಕಾಯ್ದೆಯಡಿ ಅಪರಾಧ ಆಗೋ ಕೆಲಸವನ್ನ ಪರಿಶಿಷ್ಟ ಜಾತಿಯವರ ಮೇಲೆ ಮಾಡಿದ್ರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಮಾಡಿದ್ದು ಅಂತ ಕೋರ್ಟ್ ಭಾವಿಸಬೇಕು. ಅಲ್ಲ ಅನ್ನೋರು ಪ್ರೂಫ್ ಕೊಡಬೇಕು. ಮಹಾಡಿನಲ್ಲಿ ನಡೆದದ್ದು ಇಲ್ಲಿ ಸೆಕ್ಷನ್ ಆಗಿ ಕೂತಿದೆ.

ಈಗಿನ ಜಾಣರು ಇಂಗ್ಲಿಷನ್ನೂ ಪಳಗಿಸಿಕೊಂಡಿದ್ದಾರೆ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು. ಜಾತಿ ಕೇಳೋದಿಲ್ಲ, "ಪ್ಯೂರ್ ವೆಜ್ ತಾನೆ?" ಅಂತಾರೆ. ವಾಡಿಕೆ ಹೋಗಿ ಟ್ರೆಡಿಷನ್ ಬಂತು, ಮಡಿ ಹೋಗಿ ಹೈಜೀನ್ ಬಂತು. ಅದಕ್ಕೇ ಮೇಷ್ಟ್ರೇ, ನನ್ನದು ಇಂಗ್ಲಿಷ್ ಮೋಹ ಅಲ್ಲ. ಪ್ರೂಫ್ ಕೇಳೋ ಪದ ಯಾವ ಭಾಷೆಯಲ್ಲಿದ್ರೂ ನನಗೆ ಬೇಕು.

ಕನ್ನಡದಲ್ಲೂ ಅಂಥದ್ದಿದೆ. ಅದನ್ನ ನನಗೆ ಕಲಿಸಿದವಳು ನಮ್ಮಜ್ಜಿ. ಓದು ಬರಹ ಇಲ್ಲದವಳು. ನಾನು ಕಾಲೇಜಿನ ಹುಮ್ಮಸ್ಸಿನಲ್ಲಿ "ಅಜ್ಜಿ, ನಿಮ್ಮ ಕಾಲದಲ್ಲಿ ಊರ ಬಾವಿ ಮುಟ್ಟಬಾರದು ಅನ್ನೋ ಪದ್ಧತಿ ಇತ್ತಾ?" ಅಂತ ಕೇಳಿದ್ದೆ. ರಾಗಿ ಕೇರ್ತಿದ್ದವಳು ಮೊರ ನಿಲ್ಲಿಸಿ ನನ್ನ ಮುಖ ನೋಡಿ, "ಪದ್ದತಿ ಗಿದ್ದತಿ ನಂಗೊತ್ತಿಲ್ಲ ಕನಪ್ಪ. ಅವ್ರು ಬುಡ್ತಿರ್ನಿಲ್ಲ" ಅಂದ್ಲು. ಯಾರ್ಯಾರು ಅಂತ ಮನೆತನದ ಹೆಸರುಗಳನ್ನೂ ಹೇಳಿದ್ಲು, ಒಂದೊಂದಾಗಿ.

ಆ ಶಾಂತಿಸಭೆ ಮುಗಿದ ಮೇಲೆ ದೂರು ಬರೆಯೋಕೆ ಕೂತ್ವಿ. ಜೊತೆಗಿದ್ದ ಒಬ್ಬರು ಅಭ್ಯಾಸಬಲದಿಂದ 'ಸದರಿ ಗ್ರಾಮದಲ್ಲಿ ಪ್ರತ್ಯೇಕ ಲೋಟ ಪದ್ಧತಿಯು ಜಾರಿಯಲ್ಲಿದ್ದು' ಅಂತ ಶುರುಮಾಡಿದ್ರು. ಆ ಹಾಳೆ ಪಕ್ಕಕ್ಕಿಟ್ಟು ಪಿಯುಸಿ ಹುಡುಗನ ಕೈಗೆ ಪೆನ್ನು ಕೊಟ್ಟೆ. ಅವನು ಬರೆದ: ನಮಗೆ ಒಳಗೆ ಕೂರಲು ಬಿಡುತ್ತಿಲ್ಲ. ಬಿಡದೆ ಇರುವವರು ಈ ಕೆಳಗಿನವರು. ಅದರ ಕೆಳಗೆ ನಂಬರ್ ಹಾಕಿ ಆರು ಹೆಸರು ಬರೆದು, ಏಳನೆಯದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ಅದನ್ನೂ ಬರೆದ. ಏಳನೆಯದು ಅವತ್ತು ಮೆತ್ತಗೆ ಮಾತಾಡಿದ ಹಿರಿಯರದ್ದು.