ಮೂರು ತಿಂಗಳ ಮೀನು, ಐವತ್ತು ವರ್ಷದ ವಂಶ

ಮೀನಿಗೆ ಮುಪ್ಪಿಲ್ಲ ಎಂದು ವಿಜ್ಞಾನಿಗಳೇ ವಾದಿಸಿದ ಕಾಲವೊಂದಿತ್ತು. ಬಹಳ ಹಿಂದಿನ ಮಾತೇನಲ್ಲ. 1932ರಲ್ಲಿ ಜಾರ್ಜ್ ಬಿಡ್ಡರ್ ಎಂಬ ಇಂಗ್ಲಿಷ್ ಜೀವವಿಜ್ಞಾನಿ ಹೀಗೊಂದು ತರ್ಕ ಹೂಡಿದ: ನಮ್ಮಂಥ ಪ್ರಾಣಿಗಳು ಒಂದು ಅಳತೆಗೆ ಬೆಳೆದು ನಿಲ್ಲುತ್ತವೆ, ಬೆಳವಣಿಗೆ ನಿಂತ ಮೇಲೆ ಮುಪ್ಪು ಶುರುವಾಗುತ್ತದೆ. ಕೆಲವು ಮೀನುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ. ಅಂದಮೇಲೆ ಅವಕ್ಕೆ ಮುಪ್ಪು ಎಲ್ಲಿಂದ ಬರಬೇಕು? ಅವು ಸಾಯುವುದು ಇನ್ನೊಂದರ ಬಾಯಿಗೆ ಸಿಕ್ಕಾಗ, ಕಾಯಿಲೆ ಬಿದ್ದಾಗ, ನೀರು ಕೆಟ್ಟಾಗ.

ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟುಕೊಂಡ ನಾವೆಲ್ಲ ಇಂದಿಗೂ ಗೊತ್ತಿಲ್ಲದೆಯೇ ಬಿಡ್ಡರನ ಶಿಷ್ಯರು ಎಂದು ನನಗೆ ಅನ್ನಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದಾಗ ಗಪ್ಪಿಯೊಂದು ತಳದಲ್ಲಿ ಒರಗಿದ್ದರೆ ಮೊದಲು ಹುಟ್ಟುವ ಪ್ರಶ್ನೆ ‘ಏನು ತಪ್ಪಾಯಿತು?’ ಎಂಬುದು. ಊಟ ಜಾಸ್ತಿಯಾಯಿತೇ, ನೀರು ಬದಲಿಸುವುದು ತಡವಾಯಿತೇ, ರಾತ್ರಿ ಕರೆಂಟು ಹೋಗಿತ್ತೇ? ‘ಅದಕ್ಕೆ ವಯಸ್ಸಾಗಿತ್ತು’ ಎಂಬ ಉತ್ತರ ಸುಲಭಕ್ಕೆ ಹೊಳೆಯುವುದಿಲ್ಲ. ಎರಡು ವರ್ಷಕ್ಕೆ ವಯಸ್ಸಾಗುವುದೆಂದರೆ ಏನು? ಆ ಉತ್ತರವನ್ನು ಧೈರ್ಯವಾಗಿ ಹೇಳಲು ಮನುಷ್ಯನಿಗೆ ನೂರು ವರ್ಷಕ್ಕೂ ಮಿಕ್ಕಿ ಬೇಕಾಯಿತು.

ಮೊದಲ ತೊಡಕು ನೀರಿನದು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಚಿನ್ನದ ಮೀನನ್ನು ಗಾಜಿನ ಬುರುಡೆಯಲ್ಲಿಟ್ಟು ನೋಡುವುದು ಸಿರಿವಂತರ ಮನೆಯ ಅಲಂಕಾರವಾಗಿತ್ತು. ಸತ್ತರೆ ಇನ್ನೊಂದನ್ನು ತರುತ್ತಿದ್ದರು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಎರಡು ಸಣ್ಣ ಚಿನ್ನದ ಮೀನು, ಒಂದು ಜಾತಿಯ ನೀರುಗಿಡ, ಕೆಲವು ಬಸವನಹುಳು, ಇಷ್ಟನ್ನು ಒಂದೇ ಪಾತ್ರೆಯಲ್ಲಿಟ್ಟು, ಗಿಡ ಬಿಡುವ ಆಮ್ಲಜನಕ ಮೀನಿಗೆ ಆಗುತ್ತದೆ, ಕೊಳೆತದ್ದನ್ನು ಹುಳು ತಿನ್ನುತ್ತದೆ ಎಂದು 1850ರಲ್ಲಿ ತೋರಿಸಿಕೊಟ್ಟ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಜನರ ಬಾಯಿಗೆ ಬಂತು. ಆದರೆ ಮೀನಿನ ಹೇಲುಚ್ಚೆಯಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕರಗಿಸುತ್ತವೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಆ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದ್ದು 1890ರ ಸುಮಾರಿಗೆ, ಅದೂ ಮಣ್ಣಿನಿಂದ. ಆ ತಿಳಿವಳಿಕೆ ಮನೆಯ ತೊಟ್ಟಿಗಳವರೆಗೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಎಲ್ಲ ಮೀನೂ ವಾರಗಳಲ್ಲೇ ಸಾಯುತ್ತಿದ್ದ ಕಾಲದಲ್ಲಿ ಮೀನಿನ ಮುಪ್ಪನ್ನು ನೋಡಿದವರು ಯಾರು? ಮುಪ್ಪು ಕಾಣಬೇಕಾದರೆ ಮೊದಲು ಬದುಕಬೇಕು. ಬುರುಡೆಯಲ್ಲಿ ಬೇಗ ಸಾಯುತ್ತಿದ್ದ ಚಿನ್ನದ ಮೀನು ಅಲ್ಪಾಯುಷಿಯೇ ಅಲ್ಲ. ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ 1956ರಲ್ಲಿ ಬಹುಮಾನವಾಗಿ ಸಿಕ್ಕಿದ್ದ ‘ಟಿಶ್’ ಎಂಬ ಚಿನ್ನದ ಮೀನು ಸತ್ತದ್ದು 1999ರಲ್ಲಿ, 43 ವರ್ಷ ಬದುಕಿ.

ಎರಡನೆಯ ತೊಡಕು ಬಿಡ್ಡರನ ತರ್ಕ. ಅದನ್ನು ಬಿಡಿಸಿದ್ದು ಗಪ್ಪಿ. ಈ ಮೀನಿನ ಹೆಸರಿಗೂ ಒಂದು ಕಥೆಯಿದೆ. 1866ರಲ್ಲಿ ಟ್ರಿನಿಡಾಡಿನ ರಾಬರ್ಟ್ ಗಪ್ಪಿ ಕಳಿಸಿದ್ದ ಮೀನುಗಳಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂಥರ್ ಅವನ ಹೆಸರನ್ನೇ ಇಟ್ಟ. ವೆನೆಜುವೆಲಾದ ಇದೇ ಮೀನನ್ನು ಜರ್ಮನಿಯ ವಿಲ್‌ಹೆಲ್ಮ್ ಪೀಟರ್ಸ್ 1859ರಲ್ಲೇ ವರ್ಣಿಸಿದ್ದ ಎಂದು ಗೊತ್ತಾದ ಮೇಲೆ ಆ ಶಾಸ್ತ್ರೀಯ ಹೆಸರು ಬಿದ್ದುಹೋಯಿತು, ಅಡ್ಡಹೆಸರು ಮಾತ್ರ ಉಳಿಯಿತು. ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ಈ ಮೀನನ್ನು ಲೋಕದ ಮೂಲೆಮೂಲೆಗೆ ಒಯ್ದರು. ಮಲೇರಿಯಾ ತಡೆಯಲೆಂದು ನಮ್ಮ ಕರ್ನಾಟಕದ ಹಳ್ಳಿಗಳ ಬಾವಿ, ಕಲ್ಯಾಣಿಗಳಿಗೂ ಆರೋಗ್ಯ ಇಲಾಖೆಯವರು ಗಪ್ಪಿ ಬಿಟ್ಟಿದ್ದಾರೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮುಪ್ಪಿನ ಅಧ್ಯಯನ ಮಾಡುತ್ತಿದ್ದ ಅಲೆಕ್ಸ್ ಕಂಫರ್ಟ್ ಇದೇ ಗಪ್ಪಿಯನ್ನು ಹಿಡಿದುಕೊಂಡ. ಮುಂದೆ 1972ರಲ್ಲಿ ‘ದ ಜಾಯ್ ಆಫ್ ಸೆಕ್ಸ್’ ಬರೆದು ಜಗತ್ಪ್ರಸಿದ್ಧನಾದವನು ಇವನೇ. ಗಪ್ಪಿಗಳನ್ನು ಚೆನ್ನಾಗಿ ಸಾಕಿ, ಯಾವುದು ಯಾವ ವಯಸ್ಸಿಗೆ ಸತ್ತಿತು ಎಂದು ಲೆಕ್ಕವಿಟ್ಟ. 1961ರಲ್ಲಿ ಪ್ರಕಟವಾದ ಫಲಿತಾಂಶ ಸರಳವಾಗಿತ್ತು: ವಯಸ್ಸು ಏರಿದಂತೆ ಸಾಯುವ ಸಂಭವವೂ ಏರುತ್ತದೆ, ಬೆಳೆಯುತ್ತಲೇ ಇರುವ ಹೆಣ್ಣುಗಳಿಗೂ ಇದು ತಪ್ಪಿದ್ದಲ್ಲ. ಮೀನಿಗೂ ಮುಪ್ಪಿದೆ. ಒಳ್ಳೆಯ ನೀರು, ಒಳ್ಳೆಯ ಊಟ, ಶತ್ರುವಿಲ್ಲದ ತೊಟ್ಟಿ ಎಲ್ಲ ಇದ್ದೂ ಗಪ್ಪಿ ಎರಡು ಮೂರು ವರ್ಷಕ್ಕೆ ಬೆನ್ನು ಬಾಗಿ, ಬಣ್ಣ ಮಾಸಿ, ಬಾಲ ಹರಿದು, ಊಟದ ಹೊತ್ತಿಗೆ ಎಲ್ಲರಿಗಿಂತ ಹಿಂದೆ ಉಳಿಯುತ್ತದೆ.

ಈ ಲಕ್ಷಣಗಳನ್ನು ನಾನು ಕಲಿತದ್ದು ಅಪ್ಪನ ತೊಟ್ಟಿಯ ಮುಂದೆ ಕೂತು. ಅಮ್ಮ ಹೋದ ಮೇಲೆ ಅವರಿಗೊಂದು ನಾಯಿಮರಿ ತಂದುಕೊಡೋಣವೆಂದು ನಾನು ಕೇಳಿದ್ದಾಗ ಅವರಿಗೆ ಎಪ್ಪತ್ತಾರು. “ನಾಯಿ ಬೇಡ ಕಣೋ. ನಾನು ಹೋದ್ಮೇಲೆ ಅದು ಬಾಗಿಲು ಕಾಯ್ತಾ ಕೂರತ್ತೆ. ಇವಾದ್ರೆ ನಾನೇ ಕಳಿಸಿಕೊಡಬಹುದು” ಎಂದು ಗಪ್ಪಿ ತಂದುಕೊಂಡರು. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕದೊಳಗೆ, ಹಾಲಿನ ಲೆಕ್ಕದ ಪಕ್ಕ, ‘ಮರಿ 14’ ಎಂದು ಬರೆಯುತ್ತಾರೆ. ಸತ್ತದ್ದನ್ನು ಬರೆಯುವುದಿಲ್ಲ. ಯಾಕೆಂದು ಕೇಳಿದರೆ, “ಹುಟ್ಟಿದ ದಿನ ಗೊತ್ತಿದ್ರೆ ಸಾಕು, ಹೋದ ದಿನ ಗಾಬರಿ ಆಗಲ್ಲ” ಎನ್ನುತ್ತಾರೆ. ಕಂಫರ್ಟ್‌ನ ಪ್ರಬಂಧದ ಸಾರವೂ ಹೆಚ್ಚುಕಡಿಮೆ ಇಷ್ಟೇ. ಗಪ್ಪಿಯ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾದಿಟ್ಟುಕೊಳ್ಳಬಲ್ಲದು. ಹಾಗಾಗಿ ಗಂಡು ಸತ್ತ ಮೇಲೂ ಅದರ ಮರಿಗಳು ಹುಟ್ಟುತ್ತಿರುತ್ತವೆ. ಈ ಸಂಗತಿಯನ್ನು ನಾನು ಹೇಳಿದ ದಿನ ಅಪ್ಪ ಬಹಳ ಹೊತ್ತು ತೊಟ್ಟಿಯನ್ನೇ ನೋಡುತ್ತ ಕೂತಿದ್ದರು.

ಗಪ್ಪಿಯ ಎರಡು ವರ್ಷವೇ ದೀರ್ಘಾಯುಸ್ಸು ಅನ್ನಿಸುವಂಥ ಮೀನೂ ಉಂಟು. ಆಫ್ರಿಕಾದ ಜಿಂಬಾಬ್ವೆ, ಮೊಜಾಂಬಿಕ್ ಸೀಮೆಯಲ್ಲಿ ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತಿಹೋಗುವ ಗುಂಡಿಗಳಿವೆ. ಅವುಗಳಲ್ಲಿರುವ ಕಿಲ್ಲಿಫಿಶ್ ಎಂಬ ಬಣ್ಣದ ಮೀನುಗಳು ಕೆಲವೇ ವಾರಗಳಲ್ಲಿ ಬೆಳೆದು, ಕೆಸರಲ್ಲಿ ಮೊಟ್ಟೆಯಿಟ್ಟು, ನೀರು ಆರುವುದರೊಳಗೆ ಬದುಕು ಮುಗಿಸುತ್ತವೆ. ಮೊಟ್ಟೆಗಳು ಒಣಮಣ್ಣಿನಲ್ಲಿ ಮುಂದಿನ ಮಳೆಗೆ ಕಾಯುತ್ತವೆ.

ಇಂಥ ಮೀನನ್ನು ಮನೆಯಲ್ಲಿ ಸಾಕುವುದಾದರೂ ಹೇಗೆ? ಹವ್ಯಾಸಿಗಳು ಉಪಾಯ ಕಂಡುಕೊಂಡರು. ಜೌಗುನೆಲದ ಪೀಟ್ ಮಣ್ಣನ್ನು ತೊಟ್ಟಿಯ ತಳದಲ್ಲಿ ಇಟ್ಟರೆ ಮೀನು ಅದರಲ್ಲೇ ಮೊಟ್ಟೆಯಿಡುತ್ತದೆ. ಮಣ್ಣನ್ನು ತೆಗೆದು, ಹಿಂಡಿ, ಹಸಿ ಆರದಂತೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ವಾರಗಟ್ಟಲೆಯೋ ತಿಂಗಳುಗಟ್ಟಲೆಯೋ ಎತ್ತಿಡಬೇಕು. ಆಮೇಲೆ ನೀರು ಹಾಕಿದರೆ ಮರಿ ಏಳುತ್ತದೆ. ಅಮೆರಿಕದ ಕಿಲ್ಲಿಫಿಶ್ ಸಂಘ 1961ರಲ್ಲಿ ಶುರುವಾಯಿತು. ಇಂಥ ಸಂಘಗಳ ಸದಸ್ಯರು ಮೊಟ್ಟೆಯ ಚೀಲಗಳನ್ನು ಅಂಚೆಯಲ್ಲಿ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಕಳಿಸಿದರು. ನಮ್ಮಲ್ಲಿ ಹೆಪ್ಪು ಕೇಳುವ ರೂಢಿಯಿದೆಯಲ್ಲ, ಹಾಗೆಯೇ ಇದು. ನಮ್ಮ ಮನೆಯ ಮೊಸರು ಹುಳಿಯಾಗಿ ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ಅವರದು ಕೆಟ್ಟ ದಿನ ನಮ್ಮದು ಹೋಗುತ್ತದೆ. ನಿನ್ನೆಯ ಮೊಸರು ಯಾರ ಮನೆಯಲ್ಲೂ ಇಲ್ಲ, ಹೆಪ್ಪು ಮಾತ್ರ ಊರಲ್ಲಿ ಇದ್ದೇ ಇದೆ.

1960ರ ದಶಕದ ಕೊನೆಯ ಹೊತ್ತಿಗೆ ಜಿಂಬಾಬ್ವೆಯ ಗೊನರೆಜೌ ಕಾಡಿನ ಗುಂಡಿಯಿಂದ ರಿಚರ್ಡ್ ಫರ್ಜರ್ ಎಂಬ ಹವ್ಯಾಸಿ ತಂದ ಒಂದು ಕಿಲ್ಲಿ ಹೀಗೆ ಕೈಯಿಂದ ಕೈಗೆ ಸಾಗಿತು. 1971ರಲ್ಲಿ ಅದಕ್ಕೆ ಅವನ ಹೆಸರೇ ಸೇರಿ ‘ನೋಥೊಬ್ರಾಂಕಿಯಸ್ ಫರ್ಜರಿ’ ಎಂದಾಯಿತು. ವಿಜ್ಞಾನಿಗಳು ಅದರತ್ತ ಹೆಚ್ಚು ಗಮನ ಕೊಡದೆ ಇದ್ದ ವರ್ಷಗಳಲ್ಲೂ ಗೊನರೆಜೌ ವಂಶದ ಮೊಟ್ಟೆಗಳು ಯಾರದೋ ಮನೆಯ ಕಪಾಟಿನಲ್ಲಿ, ಚೀಟಿ ಅಂಟಿಸಿದ ಚೀಲಗಳಲ್ಲಿ ಕಾಯುತ್ತಿದ್ದವು. 2003ರಲ್ಲಿ ಇಟಲಿಯ ಸ್ಟೆಫಾನೊ ವಾಲ್ಡೆಸಾಲಿಚಿ ಮತ್ತು ಅಲೆಸಾಂಡ್ರೊ ಚೆಲ್ಲೆರಿನೊ ಈ ವಂಶದ ಮೀನುಗಳು ತೊಟ್ಟಿಯಲ್ಲೂ ಸುಮಾರು ಮೂರು ತಿಂಗಳಿಗೇ ಮುಪ್ಪಾಗಿ ಸಾಯುತ್ತವೆ ಎಂದು ಪ್ರಕಟಿಸಿದರು. ಅಲ್ಲಿಂದ ಮುಂದೆ ಮುಪ್ಪಿನ ಪ್ರಯೋಗಶಾಲೆಗಳಿಗೆ ಈ ಮೀನು ಬೇಕೇಬೇಕಾಯಿತು. 2015ರಲ್ಲಿ ಅಮೆರಿಕದ ಮತ್ತು ಜರ್ಮನಿಯ ಎರಡು ತಂಡಗಳು ಅದರ ಇಡೀ ಜೀನೋಮನ್ನೇ ಓದಿ ಮುಗಿಸಿದವು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ವಂಶವನ್ನು ಉಳಿಸಿಕೊಟ್ಟದ್ದು ಮಾತ್ರ ಹವ್ಯಾಸಿಗಳ ಅಂಚೆ.

ಆಯಸ್ಸನ್ನೇ ಹಿಗ್ಗಿಸಲು ನೋಡಿದವರೂ ಇದ್ದಾರೆ. ಅಮೆರಿಕದ ವೈದ್ಯ ರಾಯ್ ವಾಲ್‌ಫರ್ಡ್ ಮತ್ತು ಅವನ ಜೊತೆಗಾರ ಲಿಯು ದಕ್ಷಿಣ ಅಮೆರಿಕದ ಇಂಥದೇ ಒಂದು ಮೀನನ್ನು ತುಸು ತಣ್ಣನೆಯ ನೀರಿನಲ್ಲಿ ಸಾಕಿ, ಅದು ಹೆಚ್ಚು ಕಾಲ ಬದುಕುವುದನ್ನು ತೋರಿಸಿದರು. ಬೆಚ್ಚನೆಯ ನೀರಿನಲ್ಲಿ ಮೀನು ಬೇಗ ಬೆಳೆಯುತ್ತದೆ, ಬೇಗ ಮುಗಿಯುತ್ತದೆ. ಮಿತವಾಗಿ ಉಂಡರೆ ಮನುಷ್ಯ 120 ವರ್ಷ ಬದುಕಬಹುದೆಂದು ನಂಬಿ ಹಾಗೆಯೇ ಬದುಕಿದ ವಾಲ್‌ಫರ್ಡ್ ನರಗಳ ಕಾಯಿಲೆಯಿಂದ 2004ರಲ್ಲಿ ತೀರಿಕೊಂಡಾಗ ಅವನಿಗೆ 79. ಇದನ್ನು ನಾನು ಅಣಕಕ್ಕೆ ಹೇಳುತ್ತಿಲ್ಲ. ಸಲ್ಲಬೇಕಾದ ಆಯಸ್ಸು ಸಿಗದಿರುವುದು ಬೇರೆ, ಆಯಸ್ಸೇ ಮುಗಿಯುವುದು ಬೇರೆ. ಮೀನು ಸಾಕುವವರಿಗೆ ಇವೆರಡರ ನಡುವಿನ ಗೆರೆ ಗೊತ್ತಿರಬೇಕು.

ಯಾಕೆಂದರೆ ‘ಅಲ್ಪಾಯುಸ್ಸು’ ಎಂಬ ಮಾತು ಒಳ್ಳೆಯ ನೆಪವೂ ಹೌದು. ಅಂಗೈಯಗಲದ ಲೋಟದಲ್ಲಿ ಬೆಟ್ಟಾ ಮೀನು ಮಾರಿ, ಇಪ್ಪತ್ತು ದಿನಕ್ಕೆ ಅದು ಸತ್ತರೆ ‘ಅದರ ಆಯಸ್ಸೇ ಅಷ್ಟು’ ಎನ್ನುವವರಿದ್ದಾರೆ. ಬೆಟ್ಟಾ ಎರಡು ಮೂರು ವರ್ಷ ಬದುಕುವ ಮೀನು. ಇಪ್ಪತ್ತು ದಿನದ ಸಾವಿಗೆ ಯಾರೋ ಉತ್ತರ ಹೇಳಬೇಕು, ಮೂರು ವರ್ಷದ ಸಾವಿಗೆ ಯಾರೂ ಹೇಳಬೇಕಿಲ್ಲ. ಅಂಗಡಿಯಿಂದ ತರುವ ಮೀನು ಆಗಲೇ ಕೆಲವು ತಿಂಗಳು ಕಳೆದಿರುತ್ತದೆ, ಆ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಲ್ಲವನ್ನೂ ಒಂದೇ ದಿನ ತಂದರೆ ಎಲ್ಲವೂ ಒಂದೇ ಋತುವಿನಲ್ಲಿ ಹೋಗುತ್ತವೆ. ಮಕ್ಕಳಿರುವ ಮನೆಯವರು ಬೇರೆ ಬೇರೆ ವಯಸ್ಸಿನವನ್ನು ಸೇರಿಸಿ ಸಾಕುವುದು ಮೇಲು. ಒಂದು ಹೋದಾಗ ಇನ್ನೊಂದು ಮರಿ ಹಾಕುತ್ತಿರುತ್ತದೆ.

ಕಿಲ್ಲಿ ಸಾಕುವವರ ಚೀಲದ ಮೇಲಿನ ಚೀಟಿಯಲ್ಲಿ ನಾಲ್ಕು ಸಂಗತಿ ಬರೆದಿರುತ್ತದೆ: ಮೀನಿನ ಜಾತಿ, ಅದರ ಪೂರ್ವಿಕರನ್ನು ಹಿಡಿದ ಊರು, ಮೊಟ್ಟೆ ತೆಗೆದ ದಿನ, ನೀರು ಹಾಕಬೇಕಾದ ದಿನ. ಆ ಮೊಟ್ಟೆಗಳನ್ನಿಟ್ಟ ಮೀನು ಚೀಟಿ ಓದುವ ಹೊತ್ತಿಗೆ ಇರುವುದಿಲ್ಲ ಎಂದು ಕಳಿಸಿದವರಿಗೂ ಗೊತ್ತು, ಪಡೆದವರಿಗೂ ಗೊತ್ತು. ಚೀಲ ಕೈಗೆ ಬಂದವರು ಕ್ಯಾಲೆಂಡರಿನಲ್ಲಿ ಒಂದು ದಿನ ಗುರುತು ಹಾಕಿಕೊಂಡು, ನೀರು ಹದ ಮಾಡಿಟ್ಟುಕೊಳ್ಳುತ್ತಾರೆ.