ಅಂಗವಿಕಲರ ನೆರವು: ಕಾನೂನು ನಡೆದು ಬಂದ ದಾರಿ

ಕೆಲವು ವರ್ಷಗಳ ಹಿಂದಿನ ಮಾತು. ದಿಲ್ಲಿಯ ನಮ್ಮ ಸಂಘದ ಯುಗಾದಿ ಊಟಕ್ಕೆ ಅಡಿಗೆ ಮಾಡಲು ಬಂದಿದ್ದ ಕುಂದಾಪುರ ಕಡೆಯವರೊಬ್ಬರು, ಬಡಿಸುವ ಕೆಲಸ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮಡಿಸಿದ ಅರ್ಜಿಯೊಂದನ್ನು ಜೇಬಿನಿಂದ ತೆಗೆದರು. "ನೀವು ಸರಕಾರಿ ಆಫೀಸಿನವರಲ್ಲವೇ, ಇದನ್ನೊಂದು ತುಂಬಿಕೊಡಿ ಮಾರಾಯ್ರೆ" ಎಂದರು. ಅವರ ಒಂಬತ್ತು ವರ್ಷದ ಮಗನಿಗೆ ಹುಟ್ಟಿನಿಂದಲೂ ನಡೆಯಲಾಗದು. ಅವನನ್ನು ಎತ್ತಿ ಇಳಿಸಲು ತಾಯಿ ಮನೆಯಲ್ಲೇ ಇರಬೇಕು. ಆದ್ದರಿಂದ ಮನೆಗೆ ಒಂದೇ ಸಂಬಳ. ಕೇಂದ್ರದ ಪಿಂಚಣಿಗೆ 18 ವರ್ಷ ತುಂಬಿರಬೇಕು, ರಾಜ್ಯದ್ದಕ್ಕೆ ಇಲ್ಲಿ ಇಂತಿಷ್ಟು ವರ್ಷ ವಾಸವಿದ್ದ ದಾಖಲೆ ಬೇಕು ಎಂದೆ. ಊರು ಬಿಟ್ಟು ಬಂದು ಅವರಿಗೆ ಎರಡೇ ವರ್ಷವಾಗಿತ್ತು. "ಅಲ್ಲಿಯವರೆಗೆ ಅವನು ಊಟ ಮಾಡುವುದು ಬೇಡವೇ?" ಎಂದು ಕೇಳಿದರು.

ಉತ್ತರ ನನ್ನಲ್ಲಿರಲಿಲ್ಲ. ಅನಂತರ ಈ ಕಾನೂನುಗಳ ಚರಿತ್ರೆಯನ್ನು ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 41ನೆಯ ವಿಧಿಯು ನಿರುದ್ಯೋಗ, ಮುಪ್ಪು, ಕಾಯಿಲೆಗಳ ಜೊತೆಗೆ ಅಂಗವೈಕಲ್ಯವನ್ನೂ ಹೆಸರಿಸಿ, ಅಂಥವರಿಗೆ ಸಾರ್ವಜನಿಕ ನೆರವು ದೊರಕಿಸುವುದು ರಾಜ್ಯದ ಹೊಣೆ ಎನ್ನುತ್ತದೆ. ಆದರೆ ಜೊತೆಗೊಂದು ಷರತ್ತಿದೆ: ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಇದು ನಿರ್ದೇಶಕ ತತ್ವವಾದುದರಿಂದ ಇದನ್ನೇ ಹಿಡಿದು ಕೋರ್ಟಿಗೆ ಹೋಗುವಂತೆಯೂ ಇಲ್ಲ.

ನೆರವು ಕೊಡಬೇಕಾದರೆ ಮೊದಲು ಎಣಿಕೆ ಆಗಬೇಕು. ಬ್ರಿಟಿಷರ ಕಾಲದ ಜನಗಣತಿಗಳಲ್ಲಿ 1931ರವರೆಗೂ ಕುರುಡು, ಕಿವುಡುಗಳ ಲೆಕ್ಕವಿತ್ತು. ಆಮೇಲೆ ಅದು ಬಿಟ್ಟುಹೋಯಿತು. ವಿಶ್ವಸಂಸ್ಥೆ ಸಾರಿದ ಅಂಗವಿಕಲರ ವರ್ಷವಾದ 1981ರಲ್ಲಿ ಆ ಪ್ರಶ್ನೆ ಮರಳಿ ಬಂದು, 1991ರಲ್ಲಿ ಮತ್ತೆ ಮಾಯವಾಯಿತು. ಅಂಗವಿಕಲರ ಸಂಘಟನೆಗಳು ಪಟ್ಟು ಹಿಡಿದ ಮೇಲೆ 2001ರಲ್ಲಿ ಸೇರಿತು. ಆಗ ಸಿಕ್ಕ ಸಂಖ್ಯೆ 2.19 ಕೋಟಿ, 2011ರಲ್ಲಿ 2.68 ಕೋಟಿ.

ಕೇಂದ್ರ ಸರಕಾರ 1977ರಲ್ಲಿ ತನ್ನ ಕೆಳದರ್ಜೆಯ ಹುದ್ದೆಗಳಲ್ಲಿ ಶೇ. 3 ಮೀಸಲಾತಿ ಕೊಟ್ಟಿತಾದರೂ ಅದು ಬರಿಯ ಆದೇಶ, ಶಾಸನವಲ್ಲ. ಶಾಸನ ಬೇಕೆಂದು ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಜಾವೇದ್ ಆಬಿದಿ ಮತ್ತು ಸಂಗಡಿಗರು 1995ರ ಡಿಸೆಂಬರ್ 19ರಂದು ದಿಲ್ಲಿಯಲ್ಲಿ ಪ್ರದರ್ಶನ ನಡೆಸಿದರು. ಮೂರೇ ದಿನಗಳಲ್ಲಿ ಮಸೂದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಕೇಳಿದವರಿಗೆ ಸಿಕ್ಕಿತೆಂಬುದು ಇಲ್ಲಿ ಗಮನಾರ್ಹ. ಆದರೆ ಆ ಕಾಯಿದೆಯಲ್ಲಿ ನಿರುದ್ಯೋಗ ಭತ್ಯೆಯ ಮಾತು ಬಂದಲ್ಲೆಲ್ಲ ಅದೇ ಹಳೆಯ ಷರತ್ತು ಕಾಣುತ್ತದೆ.

2009ರಲ್ಲಿ ಇಂದಿರಾ ಗಾಂಧಿಯವರ ಹೆಸರಿನ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಆರಂಭವಾಯಿತು. ಬಡತನದ ರೇಖೆಯ ಕೆಳಗಿರಬೇಕು, ವೈಕಲ್ಯ ಶೇ. 80 ಇರಬೇಕು. ತಿಂಗಳಿಗೆ 200 ರೂಪಾಯಿ, 2012ರಲ್ಲಿ 300. ಬಳಿಕ ಹತ್ತು ವರ್ಷ ಕಳೆದರೂ ಕೇಂದ್ರದ ಈ ಪಾಲು ಕದಲಲಿಲ್ಲ. ಅದರ ಮೇಲೆ ಕೂಡಿಸುವುದು ಆಯಾ ರಾಜ್ಯದ ಮರ್ಜಿ. ಕೆಲವು ರಾಜ್ಯಗಳು ಮಕ್ಕಳಿಗೂ ಕೊಡುತ್ತವೆ ನಿಜ. ಆದರೆ ಒಂದು ರಾಜ್ಯ ಬಿಟ್ಟು ಇನ್ನೊಂದರಲ್ಲಿ ಬೇರೂರದ ನಮ್ಮಂಥವರ ಕುಟುಂಬ ನಡುವೆ ಸಿಕ್ಕಿಕೊಳ್ಳುತ್ತದೆ.

2016ರ ಹೊಸ ಕಾಯಿದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿತು. ಅದರ 24ನೆಯ ಸೆಕ್ಷನ್, ಇತರರಿಗೆ ಸಿಗುವ ಅಂಥದೇ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ. 25 ಹೆಚ್ಚು ಕೊಡಬೇಕೆನ್ನುತ್ತದೆ. ಆರೈಕೆ ಮಾಡುವವರ ಭತ್ಯೆಯನ್ನೂ ಹೆಸರಿಸುತ್ತದೆ. ಅಡಿಗೆಯವರ ಮನೆಯ ಆ ತಾಯಿಗೆ ಬೇಕಾದದ್ದು ಇದೇ. ಆದರೆ ಸೆಕ್ಷನ್ನಿನ ಆರಂಭದಲ್ಲೇ ಮತ್ತೆ ಆ ಮಾತು: ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ದೇಶದ ಸಾಮರ್ಥ್ಯ 1950ರಿಂದ ಎಷ್ಟೋ ಪಟ್ಟು ಬೆಳೆದಿದೆ; ಷರತ್ತು ಮಾತ್ರ ಇದ್ದಲ್ಲೇ ಇದೆ.

ನಾನು ಕೇಂದ್ರ ಸರಕಾರದ ಗುಮಾಸ್ತ. ನನ್ನ ಮಗು ದುಡಿದು ಬದುಕಲಾಗದಷ್ಟು ಅಶಕ್ತವಾಗಿದ್ದರೆ, ನಮ್ಮ ಕಾಲಾನಂತರ ಅದಕ್ಕೆ ಆಜೀವ ಕುಟುಂಬ ಪಿಂಚಣಿಯ ನಿಯಮವಿದೆ. ಆದಾಯ ತೆರಿಗೆಯಲ್ಲೂ ರಿಯಾಯಿತಿಗೆ ಅವಕಾಶವುಂಟು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಅಡಿಗೆಯವರಿಗೆ ಆ ರಿಯಾಯಿತಿಯಿಂದ ಏನು ಪ್ರಯೋಜನ? ಸರಕಾರಕ್ಕೆ ನನ್ನ ಮಗುವಿನ ವಿಷಯದಲ್ಲಿ ಇರುವ ಸಾಮರ್ಥ್ಯ ಅವರ ಮಗುವಿನ ವಿಷಯದಲ್ಲಿ ಏಕಿಲ್ಲವೆಂದು ಕೇಳುವುದು ತಪ್ಪೇ?

ಕೇಳುವುದರ ಜೊತೆಗೆ ನಮ್ಮಿಂದಾಗುವ ಕೆಲಸವೂ ಇದೆ. ದೇಶವಿಡೀ ಊರ್ಜಿತವಾಗುವ ಅಂಗವಿಕಲರ ಗುರುತಿನ ಚೀಟಿ ಈಗ ದೊರೆಯುತ್ತದೆ. ಅರ್ಜಿಗೆ ಆಸ್ಪತ್ರೆ ಅಲೆಯಬೇಕು, ಹಿಂದಿ ಇಲ್ಲವೇ ಇಂಗ್ಲಿಷ್ ಬರಬೇಕು, ಒಂದು ದಿನದ ಕೂಲಿ ಬಿಡಬೇಕು. ನಮ್ಮಲ್ಲಿ ಫಾರಂ ತುಂಬುವುದನ್ನೇ ಜೀವನೋಪಾಯ ಮಾಡಿಕೊಂಡವರು ಬೇಕಾದಷ್ಟು ಜನರಿದ್ದೇವೆ. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಇಬ್ಬರು ಕುಳಿತರೆ ಸಾಕು. ಕಾರ್ಯಕಾರಿ ಸಮಿತಿ ಒಪ್ಪಿದರೆ ಮೊದಲ ಭಾನುವಾರ ನಾನು ಬರುತ್ತೇನೆ. ಆ ಅಡಿಗೆಯವರಿಗೂ ಹೇಳಿಕಳಿಸಿದ್ದೇನೆ.